ಮೊದಲು ಗಿರಾಕಿ, ಆಮೇಲೆ ಡೌನ್‌ಲೈನ್: ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಸಾಮಾನು ಮಾರುವ ಬಗೆ

ನೆಟ್‌ವರ್ಕ್ ಮಾರ್ಕೆಟಿಂಗ್ ಎಂದರೆ ಕಂಪನಿಯ ಸಾಮಾನನ್ನು ಮನೆ ಮನೆಗೆ ಮಾರುತ್ತ, ಮಾರುವ ಇನ್ನಷ್ಟು ಜನರನ್ನು ಸೇರಿಸುತ್ತ ಹೋಗುವ ಕೆಲಸ. ನಿಮ್ಮನ್ನು ಸೇರಿಸಿದವರು ಅಪ್‌ಲೈನ್, ನೀವು ಸೇರಿಸಿದವರು ಡೌನ್‌ಲೈನ್. ಹೊಸದಾಗಿ ಸೇರಿದವರಿಗೆ ಅಪ್‌ಲೈನ್ ಕೊಡುವ ಮೊದಲ ಕೆಲಸ ನೂರು ಹೆಸರುಗಳ ಪಟ್ಟಿ ಬರೆಯುವುದು. ಎರಡನೆಯದು, ಆ ನೂರರಲ್ಲಿ ಹತ್ತು ಜನರನ್ನು ಭಾನುವಾರದ ಮೀಟಿಂಗಿಗೆ ಕರೆತರುವುದು. ಒಂದು ಲೀಟರ್ ಡಿಟರ್ಜೆಂಟನ್ನೋ ಒಂದು ಡಬ್ಬಿ ಪ್ರೋಟೀನ್ ಪೌಡರನ್ನೋ ಪಕ್ಕದ ಮನೆಯವರಿಗೆ ಹೇಗೆ ಮಾರಬೇಕು, ಮುಂದಿನ ತಿಂಗಳು ಅವರೇ ಫೋನ್ ಮಾಡಿ ಕೇಳುವಂತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕೂರಿಸಿಕೊಂಡು ಕಲಿಸುವವರು ತೀರ ಕಡಿಮೆ. ಕಲಬುರಗಿಯಲ್ಲಿ ಈ ಕೆಲಸ ಮಾಡುತ್ತ, ಹೊಸಬರಿಗೆ ಹೇಳಿಕೊಡುತ್ತ ನನಗೆ ಗಟ್ಟಿಯಾದ ಮಾತು ಒಂದೇ: ಮರಳಿ ಮರಳಿ ಕೊಳ್ಳುವ ಇಪ್ಪತ್ತೈದು ಮನೆಗಳು ನಿಮ್ಮ ವಹಿಯಲ್ಲಿ ಇಲ್ಲದಿದ್ದರೆ ನಿಮ್ಮ ಹತ್ತಿರ ವ್ಯಾಪಾರವೇ ಇಲ್ಲ. ಅಲ್ಲಿಯವರೆಗೆ ಯಾರಿಗೂ ಪ್ಲ್ಯಾನ್, ಅಂದರೆ ಜನರನ್ನು ಸೇರಿಸಿ ಗಳಿಸುವ ಲೆಕ್ಕ, ತೋರಿಸಬೇಡಿ. ಆ ಇಪ್ಪತ್ತೈದು ಮನೆ ಮಾಡಿಕೊಳ್ಳುವ ದಾರಿ ಹೇಳುವುದಕ್ಕೇ ಈ ಲೇಖನ.

ಸೇರುವ ಮೊದಲು ಕೇಳಬೇಕಾದದ್ದು

ಸುಳ್ಳು ಕಂಪನಿಯ ಸಾಮಾನನ್ನು ಎಷ್ಟೇ ಚೆನ್ನಾಗಿ ಮಾರಿದರೂ ಕೊನೆಗೆ ಹೋಗುವುದು ನಿಮ್ಮ ಮರ್ಯಾದೆ. ಹಾಗಾಗಿ ಮಾರುವ ಮಾತಿಗಿಂತ ಮೊದಲು ಇದನ್ನು ನೋಡಿಕೊಳ್ಳಿ. ಕೇಂದ್ರ ಸರ್ಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟದ, ಅಂದರೆ ನಮ್ಮಂಥ ಕೆಲಸದ, ನಿಯಮಗಳನ್ನು ಹೊರಡಿಸಿದೆ. ಅವುಗಳ ಪ್ರಕಾರ ಸೇರುವುದಕ್ಕೆ ಶುಲ್ಕ ಕೇಳುವಂತಿಲ್ಲ, ಡೆಮೊ ಸಾಮಗ್ರಿಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಕು ಎಂದು ಒತ್ತಾಯಿಸುವಂತಿಲ್ಲ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಯೋಜನೆಗೂ ಹಣ ಸುತ್ತುವ ಯೋಜನೆಗೂ ಪೂರ್ತಿ ನಿಷೇಧವಿದೆ. ಹಣ ಸುತ್ತುವ ಯೋಜನೆಗಳ ವಿರುದ್ಧ 1978ರಿಂದಲೇ ಬೇರೊಂದು ಕಾಯ್ದೆ ಇದೆ. ಅದರಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ.

ಕಾನೂನಿನ ಪುಸ್ತಕ ತೆರೆಯದೆಯೇ ಕಂಪನಿಯನ್ನು ತೂಗುವ ಪ್ರಶ್ನೆಯೊಂದಿದೆ. ಕಮಿಷನ್ ಒಂದು ಪೈಸೆಯೂ ಬರುವುದಿಲ್ಲ ಎಂದಾದರೆ ಈ ಸಾಮಾನನ್ನು ಈ ಬೆಲೆಗೆ ನೀವು ನಿಮ್ಮ ಮನೆಗೆ ಕೊಳ್ಳುತ್ತಿದ್ದಿರಾ? ಇಲ್ಲ ಎಂದು ಮನಸ್ಸು ಹೇಳಿದರೆ ಅಲ್ಲಿಗೆ ಬಿಡಿ. ನಿಮಗೆ ಬೇಡದ್ದು ಜೇವರ್ಗಿ ಕಾಲನಿಯ ವೈನಿಗೆ (ಅತ್ತಿಗೆಗೆ) ಯಾಕೆ ಬೇಕು? ಹೌದು ಎಂದರೆ ಕರಾರು ಪತ್ರವನ್ನು ಕೈಗೆ ತೆಗೆದುಕೊಂಡು ಎರಡು ವಿಷಯ ಹುಡುಕಿ. ದಂಡ ಕಟ್ಟದೆ ಹಿಂದೆ ಸರಿಯುವ ಕೂಲಿಂಗ್ ಆಫ್ ಅವಧಿ ಎಷ್ಟು ದಿನ? ಮಾರಾಟವಾಗದ ಸಾಮಾನನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ, ಯಾವ ಷರತ್ತಿನ ಮೇಲೆ? ಈ ಎರಡಕ್ಕೆ ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ಇರಬೇಕು.

ಮೂರೇ ಸಾಮಾನು ಆರಿಸಿಕೊಳ್ಳಿ

ಕಂಪನಿಯ ಪುಸ್ತಿಕೆಯಲ್ಲಿ ಇನ್ನೂರು ಸಾಮಾನು ಇರಬಹುದು. ಎಲ್ಲವನ್ನೂ ಹೇಳಲು ಹೊರಟರೆ ಒಂದನ್ನೂ ಸರಿಯಾಗಿ ಹೇಳಲಾಗುವುದಿಲ್ಲ. ತಿಂಗಳು ತಿಂಗಳೂ ಖಾಲಿಯಾಗುವ ಮೂರನ್ನು ಆರಿಸಿ. ಬಟ್ಟೆ ತೊಳೆಯುವುದು, ಪಾತ್ರೆ ತಿಕ್ಕುವುದು, ಹಲ್ಲುಜ್ಜುವುದು, ಕೂದಲಿಗೆ ಹಚ್ಚುವುದು, ಇಂಥವು. ನೀರು ಶುದ್ಧ ಮಾಡುವ ಯಂತ್ರ, ಹಾಸಿಗೆ, ಅಡುಗೆ ಪಾತ್ರೆಯ ಸೆಟ್ಟು ಮಾರಿದಾಗ ಒಮ್ಮೆಗೆ ದೊಡ್ಡ ಮೊತ್ತ ಕಾಣುತ್ತದೆ, ನಿಜ. ಆದರೆ ಆ ಮನೆಯ ಬಾಗಿಲು ಮತ್ತೆ ತಟ್ಟಲು ನಿಮಗೆ ಹಲವು ವರ್ಷ ಕಾರಣವೇ ಇರುವುದಿಲ್ಲ.

ಆರಿಸಿದ ಮೂರನ್ನೂ ಪೂರ್ತಿ ಒಂದು ತಿಂಗಳು ನಿಮ್ಮ ಮನೆಯಲ್ಲಿ ಬಳಸಿ. ಇದಕ್ಕೆ ನಮ್ಮ ಊರಿನದೇ ಕಾರಣವೂ ಇದೆ. ಇಲ್ಲಿನ ಬಹಳಷ್ಟು ಬೋರ್ ನೀರು ಗಡಸು. ಬೆಂಗಳೂರಿನ ಟ್ರೇನಿಂಗ್ ಹಾಲ್‌ನಲ್ಲಿ ಬಾಟಲಿ ನೀರಿಗೆ ಎರಡು ಹನಿ ಹಾಕಿದರೆ ಎದ್ದು ನಿಲ್ಲುವ ನೊರೆ ನಮ್ಮ ಬಚ್ಚಲಿನಲ್ಲಿ ಏಳದೇ ಇರಬಹುದು. ಎಷ್ಟು ಹಾಕಿದರೆ ಕೊಳೆ ಬಿಡುತ್ತದೆ, ಎಷ್ಟು ಸಲ ಜಾಲಿಸಬೇಕು, ಬಿಳಿ ಧೋತರ ಹಳದಿಗೆ ತಿರುಗುತ್ತದೆಯೇ, ಒಂದು ಬಾಟಲಿ ನಿಜವಾಗಿ ಎಷ್ಟು ದಿನ ಬಂತು ಎಂದು ಬರೆದಿಟ್ಟುಕೊಳ್ಳಿ. ಬಾಟಲಿಯ ಮೇಲೆ ಬರೆದಿರುವ ಸಂಖ್ಯೆಗಿಂತ ನಿಮ್ಮ ಈ ಸಂಖ್ಯೆಗೆ ಬೆಲೆ ಜಾಸ್ತಿ. ಗಿರಾಕಿ ಕೇಳುವುದೂ ಅದನ್ನೇ: "ನೀವು ಮನ್ಯಾಗ ಬಳಸ್ತೀರೇನ್ರಿ? ಎಷ್ಟ ದಿನ ಬರ್ತದ?"

ಪಟ್ಟಿಯಲ್ಲಿ ಯಾರಿರಬೇಕು

ನೂರು ಹೆಸರಿನ ಪಟ್ಟಿ ಬರೆಯಿರಿ, ತಪ್ಪಿಲ್ಲ. ಆದರೆ ಹೆಸರಿನ ಮುಂದೆ ಸಂಬಂಧ ಬರೆಯುವ ಬದಲು ಆ ಮನೆಯ ಅಗತ್ಯ ಬರೆಯಿರಿ. ಕೂಸು ಇರುವ ಮನೆಯಲ್ಲಿ ದಿನವೂ ಬಟ್ಟೆ ಒಗೆಯುತ್ತಾರೆ. ಖಾನಾವಳಿ ನಡೆಸುವವರಿಗೆ ಪಾತ್ರೆ ತಿಕ್ಕುವುದೇ ದೊಡ್ಡ ಖರ್ಚು. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲಿನ ಗಣಿಗೆ, ಸಿಮೆಂಟ್ ಕಾರ್ಖಾನೆಗೆ ಹೋಗುವವರ ಮನೆಯಲ್ಲಿ ಧೂಳಿನ ಬಟ್ಟೆಯದೇ ಗೋಳು. ಹೀಗೆ ಬರೆದಾಗ ನೂರರಲ್ಲಿ ಮೂವತ್ತೋ ನಲವತ್ತೋ ಹೆಸರು ಉಳಿಯುತ್ತವೆ. ನಿಮಗೆ ಬೇಕಾದದ್ದು ಅವರೇ.

ಬಂಧು-ಬಳಗದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಅಕ್ಕ, ಅತ್ತಿಗೆ, ಸೋದರಮಾವನ ಮನೆಯವರು ನಿಮ್ಮ ಮುಖ ನೋಡಿ ಒಂದು ಸಲ ಕೊಳ್ಳುತ್ತಾರೆ. ಅದು ಮಾರಾಟವಲ್ಲ, ಮುಯ್ಯಿ. ಅದನ್ನು ಲೆಕ್ಕಕ್ಕೆ ಹಿಡಿದು ನನ್ನ ವ್ಯಾಪಾರ ನಡೆಯುತ್ತಿದೆ ಎಂದುಕೊಂಡವರು ಮೂರನೇ ತಿಂಗಳಿಗೆ ಮಾರಲು ಮನೆಗಳಿಲ್ಲದೆ ಕೂರುತ್ತಾರೆ. ಬಂಧುಗಳಿಗೆ ಒಂದು ಸ್ಯಾಂಪಲ್ ಕೊಟ್ಟು, ಬಳಸಿ ನೋಡಿ ಬೇಕೆನಿಸಿದರೆ ಕೇಳಿ ಎಂದು ಹೇಳಿ ಬಿಡಿ. ಮದುವೆ ಮನೆ, ಕುಬಸದ ಕಾರ್ಯ, ಜವಳದಲ್ಲಿ ಬ್ಯಾಗು ತೆರೆಯಲೇಬೇಡಿ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತ ಕೂತಿರುತ್ತದೆ. ಅಲ್ಲಿ ಉಣ್ಣಿ, ಮಾತಾಡಿ. ಸಾಮಾನಿನ ಮಾತು ಮನೆಗೆ ಬಂದ ಮೇಲೆ ಇನ್ನೊಂದು ದಿನ.

ಹೊತ್ತು ನೋಡಿ, ಕೇಳಿ ಹೋಗಿ

ಮೊದಲೇ ಸಮಯ ಕೇಳದೆ ಗಿರಾಕಿಯ ಮನೆಗೆ ಹೋಗಬಾರದು, ಗುರುತಿನ ಚೀಟಿ ಇಲ್ಲದೆ ಹೋಗಬಾರದು ಎಂದು 2021ರ ನಿಯಮಗಳಲ್ಲೇ ಇದೆ. ಅದು ಕಾನೂನು ಎನ್ನುವುದಕ್ಕಿಂತ ಮಾರಾಟಕ್ಕೂ ಅದೇ ಒಳ್ಳೆಯದು. ಹೇಳದೆ ಬಂದವರನ್ನು ಜನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಕೇಳಿ ಬಂದವರಿಗೆ "ಬರ್ರಿ, ಕೂಡ್ರಿ" ಎನ್ನುತ್ತಾರೆ.

ಫೋನಿನಲ್ಲಿ ಬಹಳ ಮಾತು ಬೇಡ. "ಅಕ್ಕಾರ, ನಾ ಬ್ರಹ್ಮಪುರದಿಂದ ಮಾತಾಡ್ಲಿಕತ್ತೀನಿ. ಬಟ್ಟಿ ತೊಳಿಯು ಲಿಕ್ವಿಡ್ ಮಾರ್ತೀನ್ರಿ. ನಿಮ್ಮ ಮನಿ ನೀರಾಗೇ ಒಂದ ಬಟ್ಟಿ ತೊಳದು ತೋರಸ್ತೀನಿ, ಹತ್ತ ಹದಿನೈದ ಮಿನಿಟ್. ಬ್ಯಾಡ ಅನಿಸಿದ್ರ ಬ್ಯಾಡ ಅನ್ರಿ. ನಾಳಿ ಸಂಜಿಗಿ ಬರ್ಲೇನ್ರಿ, ನಾಡಿದ್ದ?" ಇಷ್ಟು ಸಾಕು. ಏನು ಮಾರುತ್ತೀರಿ ಎಂದು ಮೊದಲ ಮಾತಿನಲ್ಲೇ ಹೇಳಿ. "ಒಂದು ಒಳ್ಳೆ ಅವಕಾಶದ ಬಗ್ಗೆ ಮಾತಾಡಬೇಕಿತ್ತು" ಎಂದು ಮುಚ್ಚಿಟ್ಟು ಕರೆಯುವ ಪದ್ಧತಿ ನಮ್ಮ ಕೆಲಸಕ್ಕೆ ಕೆಟ್ಟ ಹೆಸರು ತಂದಿರುವುದರಲ್ಲಿ ಮೊದಲನೆಯದು. ಕೂತ ಮೇಲೆ ನಿಜ ಗೊತ್ತಾದವರಿಗೆ ಮೋಸಹೋದಂತೆ ಅನಿಸುತ್ತದೆ. ಆಮೇಲೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ.

ಹೊತ್ತಿನ ವಿಷಯದಲ್ಲಿ ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ಇದು. ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದಾರೆ ಎಂದು ಹೋದರೆ ಮಲಗಿದವರನ್ನು ಎಬ್ಬಿಸಿದಂತಾಗುತ್ತದೆ. ಬೇಸಿಗೆಯಲ್ಲಿ ಸಂಜೆ ಆರರ ಮೇಲೆ, ಉಳಿದ ಕಾಲದಲ್ಲಿ ಬೆಳಿಗ್ಗೆ ಹನ್ನೊಂದರಿಂದ ಒಂದರ ತನಕ ಸರಿ. ನಲ್ಲಿ ನೀರು ಬರುವ ದಿನ ಹೋಗಬೇಡಿ.

ದುಡ್ಡಿನ ಹಂಗಾಮು ಇನ್ನೂ ಮುಖ್ಯ. ಸಂಬಳದವರಿಗೆ ತಿಂಗಳ ಮೊದಲ ವಾರ. ಕೂಲಿ ಮಾಡುವವರಿಗೆ ಬಟವಾಡೆಯ ದಿನ. ಒಕ್ಕಲುತನದ ಮನೆಗಳಲ್ಲಿ ತೊಗರಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಹೋದ ಮೇಲೆ, ಅಂದರೆ ಜನವರಿಯಿಂದ ಯುಗಾದಿಯ ಆಸುಪಾಸಿನವರೆಗೆ ಕೈಯಲ್ಲಿ ದುಡ್ಡು ಆಡುತ್ತದೆ. ಜೂನ್, ಜುಲೈನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಫೀಸು ಒಟ್ಟಿಗೆ ಬರುತ್ತವೆ. ಆಗ ಆಳಂದ, ಅಫಜಲಪುರ ಕಡೆಯ ಹಳ್ಳಿಗಳಿಗೆ ಹೊಸ ಸಾಮಾನು ಹೊತ್ತು ಹೋಗುವುದಕ್ಕಿಂತ ಊರೊಳಗಿನ ಹಳೆ ಗಿರಾಕಿಗಳನ್ನು ನೋಡಿಕೊಳ್ಳುವುದು ಲೇಸು.

ಮನೆಯೊಳಗೆ: ಕೇಳುವುದೇ ಅರ್ಧ ಮಾರಾಟ

ಕೂತ ಕೂಡಲೇ ಬಾಟಲಿ ತೆಗೆಯಬೇಡಿ. ಕೊಟ್ಟ ನೀರು ಕುಡಿಯಿರಿ. ಹಿರಿಯರಿದ್ದರೆ ಮೊದಲು ಅವರನ್ನು ಮಾತಾಡಿಸಿ. ಕಾಕಾ, ಆಯಿ, ವೈನಿ ಎಂದು ಆ ಮನೆಗೆ ಒಪ್ಪುವ ಹಾಗೆ ಕರೆಯಿರಿ. ರೋಜಾ, ಎಂಎಸ್‌ಕೆ ಮಿಲ್ ಕಡೆಯ ಮುಸ್ಲಿಂ ಮನೆಗಳಲ್ಲಿ ಆಪಾ, ಖಾಲಾ ಎಂದು ಕರೆದು ದಖನಿಯಲ್ಲಿ ನಾಲ್ಕು ಮಾತಾಡಿದರೆ ಸಲಿಗೆ ತಾನೇ ಬರುತ್ತದೆ. ಆಳಂದದ ಅಂಚಿನಲ್ಲಿ ಮರಾಠಿ, ಸೇಡಂ ಅಂಚಿನಲ್ಲಿ ತೆಲುಗು ಅಷ್ಟಿಷ್ಟು ಬಂದರೆ ನಿಮಗೇ ಲಾಭ.

ಆಮೇಲೆ ಪ್ರಶ್ನೆ ಕೇಳಿ. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಈಗ ಏನು ಬಳಸುತ್ತೀರಿ, ತಿಂಗಳಿಗೆ ಎಷ್ಟು ಬೇಕಾಗುತ್ತದೆ, ಅದರಲ್ಲಿ ಯಾವುದು ಹಿಡಿಸಿದೆ, ಯಾವುದು ಹಿಡಿಸಿಲ್ಲ? ಕೊನೆಯ ಎರಡು ಪ್ರಶ್ನೆಗೆ ಬರುವ ಉತ್ತರವನ್ನು ಅವರ ಮಾತಿನಲ್ಲೇ ನೆನಪಿಟ್ಟುಕೊಳ್ಳಿ. "ಕೈ ಉರಿತದ್ರಿ" ಎಂದರೆ ಅವರಿಗೆ ಬೇಕಿರುವುದು ಕೈಗೆ ಹಿತವಾದದ್ದು. ಅವರ ಮುಂದೆ ನೀವು ಬೆಳ್ಳಗಾಗುವುದರ ಬಗ್ಗೆ ಹತ್ತು ನಿಮಿಷ ಹೇಳಿದರೆ ವ್ಯರ್ಥ. "ವಾಸನಿ ನಿಂದ್ರಂಗಿಲ್ಲ" ಎನ್ನುವವರಿಗೆ ಸುವಾಸನೆಯ ಮಾತು, "ಪುಡಿ ಭಾಳ ಬೇಕಾಗ್ತದ" ಎನ್ನುವವರಿಗೆ ಲೆಕ್ಕದ ಮಾತು. ಐದು ನಿಮಿಷ ಅವರೇ ಮಾತಾಡಲಿ, ನೀವು ಕೇಳಿ. ಈಗಿನದೇ ಎಲ್ಲ ರೀತಿಯಿಂದಲೂ ಸರಿಯಾಗಿದೆ ಎಂದು ಅವರು ಹೇಳಿದರೆ ಒಪ್ಪಿಕೊಳ್ಳಿ. ಒಂದು ಸ್ಯಾಂಪಲ್ ಕೊಟ್ಟು ಏಳಿ. ಚೆನ್ನಾಗಿದೆ ಎನ್ನುವುದನ್ನು ಕೆಟ್ಟದ್ದೆಂದು ಸಾಧಿಸಲು ಹೋದರೆ ಅವರ ಆಯ್ಕೆಯನ್ನೇ ಹೀಗಳೆದಂತಾಗುತ್ತದೆ.

ಡೆಮೊವನ್ನು ಅವರ ನೀರು, ಅವರ ಬಟ್ಟೆ, ಅವರ ಬಕೆಟ್, ಅವರ ಕೈಯಿಂದಲೇ ಮಾಡಿಸಿ. ನೀವು ತಂದ ಕೊಳೆ ಬಟ್ಟೆಯ ಮೇಲೆ ಮಾಡಿ ತೋರಿಸಿದರೆ ನೋಡುವವರಿಗೆ ಅನುಮಾನ ಉಳಿಯುತ್ತದೆ. ಮಗನ ಶಾಲೆಯ ಅಂಗಿಯ ಕಾಲರ್ ಅವರೇ ತಿಕ್ಕಿ ನೋಡಿದರೆ ನೀವು ಏನೂ ಹೇಳಬೇಕಾಗಿಲ್ಲ. ಅರ್ಧ ಅವರ ಪುಡಿಯಿಂದ, ಅರ್ಧ ನಿಮ್ಮದರಿಂದ ತೊಳೆದು ಪಕ್ಕಪಕ್ಕ ಒಣಗಲು ಹಾಕಿ. ಒಮ್ಮೊಮ್ಮೆ ಎರಡೂ ಒಂದೇ ತರ ಕಾಣುತ್ತವೆ. ಆಗ "ಎರಡೂ ಒಂದ ನಮೂನಿ ಕಾಣ್ಲಿಕತ್ತಾವ್ರಿ" ಎಂದು ನೀವೇ ಮೊದಲು ಹೇಳಿ. ಆ ದಿನ ಮಾರಾಟ ತಪ್ಪಬಹುದು. ಆದರೆ ಮುಂದೆ ನೀವು ಇನ್ನೊಂದು ಸಾಮಾನು ತಂದು "ಇದು ಛಲೋ ಅದರಿ" ಎಂದಾಗ ಅವರು ಕಿವಿಗೊಟ್ಟು ಕೇಳುತ್ತಾರೆ.

ಬೆಲೆಯ ಮಾತು

ನೆಟ್‌ವರ್ಕ್ ಕಂಪನಿಗಳ ಸಾಮಾನು ನೋಡಿದೊಡನೆ ದುಬಾರಿ ಅನಿಸುತ್ತದೆ. ಬೆಲೆಯನ್ನು ಮುಚ್ಚಿಡಬೇಡಿ, ಒಂದು ಸಲದ ಬಳಕೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿ. ಉದಾಹರಣೆಗೆ, ಒಂದು ಲೀಟರ್ ಗಟ್ಟಿ ಲಿಕ್ವಿಡ್ 360 ರೂಪಾಯಿ, ಒಂದು ಬಕೆಟ್‌ಗೆ 20 ಮಿಲಿ ಎಂದರೆ ಐವತ್ತು ಸಲ ಬರುತ್ತದೆ. ಸಲಕ್ಕೆ 7 ರೂಪಾಯಿ 20 ಪೈಸೆ. ಅವರು ಬಳಸುವ ಪುಡಿ ಕಿಲೋಗೆ 120 ರೂಪಾಯಿ, ಸಲಕ್ಕೆ 60 ಗ್ರಾಂ ಹಾಕುತ್ತಾರೆ ಎಂದರೆ ಅದೂ 7 ರೂಪಾಯಿ 20 ಪೈಸೆಯೇ. ಇಂಥ ಕಡೆ ಉಳಿತಾಯದ ಮಾತು ಆಡಬಾರದು. "ಖರ್ಚ ಅಷ್ಟೇ ಬೀಳ್ತದ, ಕೈ ಉರಿಯಂಗಿಲ್ಲ, ಬಣ್ಣ ಹೋಗಂಗಿಲ್ಲ" ಎಂದು ಇದ್ದದ್ದನ್ನು ಹೇಳಿ, ಅದೂ ನಿಮ್ಮ ಮನೆಯಲ್ಲಿ ಬಳಸಿ ಕಂಡಿದ್ದರೆ ಮಾತ್ರ. ಲೆಕ್ಕವನ್ನು ಅವರ ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲಿ ಅವರ ಕೈಯಿಂದ ಮಾಡಿಸುವುದು ಇನ್ನೂ ಒಳ್ಳೆಯದು. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುವಂತಿಲ್ಲ.

ನಾಲ್ಕು ಮಾತು ಪ್ರತಿ ಮನೆಯಲ್ಲೂ ಬರುತ್ತವೆ. ಅವಕ್ಕೆ ಮೊದಲೇ ತಯಾರಾಗಿರಿ.

"ಮನಿಯವ್ರನ್ನ ಕೇಳಿ ಹೇಳ್ತೀನ್ರಿ." ಇದು ಒಲ್ಲೆ ಎನ್ನುವ ಸೌಜನ್ಯದ ರೀತಿಯೂ ಇರಬಹುದು, ನಿಜವೂ ಇರಬಹುದು. "ಆಗ್ಲಿರಿ, ಇಬ್ಬರೂ ಇರೂ ಹೊತ್ತಿಗಿ ನಾ ಬರ್ಲೇನು, ಇಲ್ಲಾ ನೀವೇ ಫೋನ್ ಮಾಡ್ತೀರೇನು?" ಎಂದು ಕೇಳಿ. ಫೋನ್ ಮಾಡುತ್ತೇನೆ ಎಂದರೆ ವಾರ ಬಿಟ್ಟು ಒಂದೇ ಒಂದು ಸಲ ನೀವೇ ವಿಚಾರಿಸಿ, ಮತ್ತೆ ಮತ್ತೆ ಕೇಳಬೇಡಿ.

"ಭಾಳ ತುಟ್ಟಿ ಆತು." ಇದಕ್ಕೆ ಮೇಲಿನ ಲೆಕ್ಕವೇ ಉತ್ತರ. ಅದು ಹೊಂದದಿದ್ದರೆ ಸಣ್ಣ ಪ್ಯಾಕೆಟ್ ತೋರಿಸಿ. ಒಮ್ಮೆಗೆ 360 ರೂಪಾಯಿ ತೆಗೆಯುವುದು ಕಷ್ಟವಾದ ಮನೆಗಳು ಬಹಳ ಇವೆ.

"ಉದ್ರಿ ಕೊಡ್ತೀರೇನು?" ಇದೇ ದೊಡ್ಡ ಪರೀಕ್ಷೆ. ನಮ್ಮ ಕಡೆ ಉದ್ರಿ ಇಲ್ಲದೆ ವ್ಯಾಪಾರವಿಲ್ಲ ಎನ್ನುತ್ತಾರೆ. ಕಿರಾಣಿಯವನಿಗೆ ಹತ್ತಾರು ಸಾಮಾನಿನ ಲಾಭ ಇದೆ, ತಡೆದುಕೊಳ್ಳುತ್ತಾನೆ. ನಿಮ್ಮದು ಮುಂಗಡ ದುಡ್ಡು ಕೊಟ್ಟು ತರುವ ಸಾಮಾನು. ಒಂದು ಬಾಟಲಿಯ ದುಡ್ಡು ಮುಳುಗಿದರೆ ಐದಾರು ಬಾಟಲಿಯ ಲಾಭ ಹೋಯಿತು. "ಈ ಸಲ ಸಣ್ಣದ ಒಯ್ರಿ, ಪಗಾರ ಆದಮ್ಯಾಲ ದೊಡ್ಡದ ತರ್ತೀನಿ" ಎಂದು ನಯವಾಗಿ ಹೇಳಿ. ಉದ್ರಿ ಕೊಟ್ಟ ಮನೆಗೆ ಮತ್ತೆ ಹೋಗಲು ನಿಮಗೂ ಸಂಕೋಚ, ಅವರಿಗೂ ಸಂಕೋಚ. ದುಡ್ಡಿನ ಜೊತೆ ಗಿರಾಕಿಯೂ ಹೋಗುತ್ತಾಳೆ.

"ಇದು ಚೈನ್ ಸ್ಕೀಮ್ ಅಲ್ಲೇನ್ರಿ?" ಸಿಟ್ಟಾಗಬೇಡಿ. ಬೀಸಿ, ಚೀಟಿ, ದುಪ್ಪಟ್ಟು ಕೊಡುತ್ತೇವೆ ಎಂದವರು ನಮ್ಮ ಜನರನ್ನು ಸಾಕಷ್ಟು ಸುಟ್ಟಿದ್ದಾರೆ. "ನಾ ನಿಮಗ ಜಾಯಿನ್ ಆಗ್ರಿ ಅನ್ನಂಗಿಲ್ಲ. ಸಾಮಾನ ಬೇಕಾದ್ರ ತೊಗೋರಿ, ಬಿಲ್ ಕೊಡ್ತೀನಿ, ಸರಿ ಇರಲಿಲ್ಲಂದ್ರ ಕಂಪನಿ ನಿಯಮದಂಗ ವಾಪಸ್ ತೊಗೋತೀನಿ" ಎಂದು ಹೇಳಿ, ಹೇಳಿದಂತೆ ನಡೆಯಿರಿ.

ಇಷ್ಟಾದ ಮೇಲೆ ನೇರವಾಗಿ ಕೇಳಿ: "ಒಂದ ಇಟ್ಟ ಹೋಗ್ಲೇನ್ರಿ?" ಕೇಳಿ ಸುಮ್ಮನಿರಿ. ಹೊಸಬರು ಇಲ್ಲೇ ಎಡವುತ್ತಾರೆ. ಗಿರಾಕಿ ಯೋಚಿಸುವ ಆ ಹತ್ತು ಸೆಕೆಂಡನ್ನು ತಡೆಯಲಾರದೆ ಮತ್ತೆ ಮಾತು ಶುರುಮಾಡಿ, ರಿಯಾಯಿತಿ ಕೊಟ್ಟು, ಮನಸ್ಸು ಮಾಡಿದವರನ್ನೂ ಅನುಮಾನಕ್ಕೆ ತಳ್ಳುತ್ತಾರೆ.

ಕಾಯಿಲೆಯ ಮಾತು ಬೇಡವೇ ಬೇಡ

ಆಹಾರ ಪೂರಕ, ಗಿಡಮೂಲಿಕೆ ರಸ, ಪ್ರೋಟೀನ್ ಪೌಡರ್ ಮಾರುವವರಿಗೆ ಇದು. ಸಕ್ಕರೆ ಕಾಯಿಲೆ ಹೋಗುತ್ತದೆ, ಬಿಪಿ ಗುಳಿಗೆ ಬಿಡಬಹುದು, ಕ್ಯಾನ್ಸರ್ ಗುಣವಾಯಿತು ಎಂಬ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಅವನ್ನು ಫಾರ್ವರ್ಡ್ ಮಾಡಬೇಡಿ. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್‌ನಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆಹಾರ ಪೂರಕದ ಡಬ್ಬಿಯ ಮೇಲೆಯೇ ಔಷಧಿಯಾಗಿ ಬಳಸುವುದಕ್ಕಲ್ಲ ಎಂದು ಮುದ್ರಿಸಬೇಕೆಂಬ ನಿಯಮವಿದೆ. ಡಬ್ಬಿಯನ್ನು ತಿರುಗಿಸಿ ಗಿರಾಕಿಗೆ ಅದನ್ನೇ ಓದಿ ತೋರಿಸಿ. ಕಂಪನಿ ಒಪ್ಪಿಗೆ ಕೊಡದ ಕರಪತ್ರವನ್ನು ಹಂಚಬಾರದು ಎಂಬುದೂ 2021ರ ನಿಯಮಗಳಲ್ಲಿದೆ.

ಕಾನೂನು ಹಾಗಿರಲಿ. ನಿಮ್ಮ ಮಾತು ನಂಬಿ ಒಬ್ಬ ಹಿರಿಯರು ಇನ್ಸುಲಿನ್ ಬಿಟ್ಟು ಆಸ್ಪತ್ರೆ ಸೇರಿದರೆ ಆ ಪಾಪಕ್ಕೆ ಯಾವ ಕಮಿಷನ್ ಸಾಟಿ? ಯಾರಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ "ಡಾಕ್ಟರನ್ನ ಕೇಳಿ ಆಮ್ಯಾಲ ತೊಗೋರಿ" ಎಂದು ಹೇಳಿ, ಆ ದಿನ ಮಾರದೆ ಬನ್ನಿ.

ಮಾರಿದ ಮೇಲೆ ಶುರುವಾಗುವ ಕೆಲಸ

ಇಪ್ಪತ್ತೈದು ಮನೆ ಕಟ್ಟುವುದು ಇಲ್ಲಿ. ಒಂದು ಉದ್ದ ವಹಿ ಇಡಿ, ಮೊಬೈಲಿನಲ್ಲಾದರೂ ಸರಿ. ಹೆಸರು, ಓಣಿ, ಕೊಂಡ ಸಾಮಾನು, ತಾರೀಕು, ಮನೆಯಲ್ಲಿ ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ ಬಟ್ಟೆ ಒಗೆಯುತ್ತಾರೆ, ಅವರು ಹೇಳಿದ ತೊಂದರೆ ಏನು ಎಂದು ಬರೆಯಿರಿ. ಬಿಲ್ ಕೊಡುವುದನ್ನು ಮರೆಯಬೇಡಿ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಕಂಪನಿ ಕೊಟ್ಟ ನೋಂದಣಿ ಸಂಖ್ಯೆ ಇರಲಿ, ಸಾಮಾನು ವಾಪಸಿನ ನಿಯಮವನ್ನೂ ತಿಳಿಸಿ.

ಮೂರು ನಾಲ್ಕು ದಿನಕ್ಕೆ ಒಂದು ಫೋನ್: "ಹ್ಯಾಂಗ ಅನಸ್ತ್ರಿ? ಎಷ್ಟ ಹಾಕ್ಲಿಕತ್ತೀರಿ?" ಬಹಳ ಜನ ಗಟ್ಟಿ ಲಿಕ್ವಿಡ್ಡನ್ನೂ ಪುಡಿಯಂತೆ ಸುರಿದುಬಿಡುತ್ತಾರೆ. ಹದಿನೈದು ದಿನಕ್ಕೆ ಬಾಟಲಿ ಮುಗಿದು "ನಿಮ್ಮದು ಬಾಳಿಕಿ ಬರಂಗಿಲ್ಲ" ಎಂದು ನಿಲ್ಲಿಸುತ್ತಾರೆ. ಈ ಒಂದು ಫೋನ್ ಮಾಡದೆ ಕಳೆದುಹೋಗುವ ಗಿರಾಕಿಗಳು ಸಾಮಾನು ಕೆಟ್ಟದ್ದಾಗಿ ಕಳೆದುಹೋಗುವವರಿಗಿಂತ ಜಾಸ್ತಿ. ದೂರು ಬಂದರೆ ಅಂದೇ ಅಥವಾ ಮರುದಿನ ಹೋಗಿ ನೋಡಿ. ಬದಲಿಸುವಂತಿದ್ದರೆ ಬದಲಿಸಿ, ದುಡ್ಡು ಕೊಡುವಂತಿದ್ದರೆ ಕೊಡಿ. ಫೋನ್ ಎತ್ತದೆ ತಪ್ಪಿಸಿಕೊಂಡ ಮಾರಾಟಗಾರ್ತಿಯ ಸುದ್ದಿ ಒಂದು ಓಣಿಯಲ್ಲಿ ಸಂಜೆಯೊಳಗೆ ಮುಟ್ಟುತ್ತದೆ.

ಆಮೇಲಿನದು ಲೆಕ್ಕದ ಕೆಲಸ. ಬಾಟಲಿ ಐವತ್ತು ಸಲಕ್ಕೆ ಬರುತ್ತದೆ, ಆ ಮನೆಯಲ್ಲಿ ದಿನವೂ ಬಟ್ಟೆ ಒಗೆಯುತ್ತಾರೆ ಎಂದಾದರೆ ಐವತ್ತನೇ ದಿನ ಖಾಲಿ. ನಲವತ್ತಮೂರನೇ ದಿನ ನಿಮ್ಮ ಫೋನ್ ಹೋಗಬೇಕು. ಖಾಲಿಯಾದ ಮೇಲೆ ಮಾಡಿದರೆ ಅವರು ಅಷ್ಟರಲ್ಲಿ ಕಿರಾಣಿಯಿಂದ ಪುಡಿ ತಂದಿರುತ್ತಾರೆ. ಪ್ರತಿ ಭಾನುವಾರ ರಾತ್ರಿ ವಹಿ ತೆರೆದು ಆ ವಾರ ಯಾರಿಗೆ ಫೋನ್ ಮಾಡಬೇಕು ಎಂದು ಗುರುತು ಹಾಕಿಕೊಂಡರೆ ಉಳಿದದ್ದು ಸಲೀಸು. ದಿನವೂ ಬೆಳಿಗ್ಗೆ ಗುಡ್ ಮಾರ್ನಿಂಗ್ ಚಿತ್ರ, ಕಾರಿನ ಮುಂದೆ ನಿಂತ ಫೋಟೊ, ಆಫರ್‌ಗಳ ಸಾಲು ಕಳಿಸಬೇಡಿ, ಜನ ನಿಮ್ಮ ನಂಬರನ್ನು ಮ್ಯೂಟ್ ಮಾಡುತ್ತಾರೆ.

ಮೂರನೇ ಸಲ ಕೊಂಡವರ ಹತ್ತಿರ ಇನ್ನೊಂದು ಮನೆಯ ಪರಿಚಯ ಕೇಳಬಹುದು. ಅದಕ್ಕಿಂತ ಮೊದಲು ಕೇಳಬಾರದು. "ನಿಮ್ಮಂಗ ಕೈ ಉರಿ ಇದ್ದವ್ರು ಯಾರರ ಅದಾರೇನ್ರಿ?" ಎಂದು ಕೇಳಿದರೆ ಒಂದಿಬ್ಬರ ಹೆಸರು ಹೊಳೆಯುತ್ತದೆ. "ಯಾರರ ಇದ್ರ ಹೇಳ್ರಿ" ಎಂದರೆ ಯಾರೂ ಹೊಳೆಯುವುದಿಲ್ಲ. ಒಂದು ಎಚ್ಚರಿಕೆ: "ನಾಕ ಮಂದಿನ್ನ ತೋರಸ್ರಿ, ನಿಮ್ಮ ದುಡ್ಡು ವಾಪಸ್ ಬರ್ತದ" ಎಂದು ಹೇಳಿ ಸಾಮಾನು ಮಾರುವುದನ್ನು ನಿಯಮ ನಿಷೇಧಿಸಿದೆ.

ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಡೆಮೊ ಮಾಡುವುದು ಒಳ್ಳೆಯ ದಾರಿ. ಅಧ್ಯಕ್ಷೆಯನ್ನು ಮೊದಲೇ ಕೇಳಿ, ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದುಕೊಳ್ಳಿ. ಸಂಘದ ಸಾಲದ ದುಡ್ಡಿನಿಂದ ಸಾಮಾನು ಕೊಳ್ಳಲು, ಜಾಯಿನ್ ಆಗಲು ಯಾರಿಗೂ ಹೇಳಬೇಡಿ. ಆ ಸಾಲ ಎಮ್ಮೆಗೆ, ಹೊಲಿಗೆ ಮಷೀನಿಗೆ, ರೊಟ್ಟಿ ವ್ಯಾಪಾರಕ್ಕೆ ಇರುವಂಥದ್ದು.

ಪಾಯಿಂಟ್ ತುಂಬಿಸುವ ಬಲೆ

ತೆಗೆದ ಸಾಮಾನಿಗೆ ಕಂಪನಿ ಪಾಯಿಂಟ್ ಕೊಡುತ್ತದೆ, ಪಾಯಿಂಟ್ ತುಂಬಿದರೆ ಮೇಲಿನ ಮೆಟ್ಟಿಲು. ತಿಂಗಳ ಕೊನೆಯ ಮೂರು ದಿನ ಅಪ್‌ಲೈನ್ ಫೋನ್ ಬರುತ್ತದೆ: ಇನ್ನು ನಾಲ್ಕು ಸಾವಿರದ ಸಾಮಾನು ತೆಗೆದರೆ ಮುಂದಿನ ಮೆಟ್ಟಿಲು, ಬಿಟ್ಟರೆ ಬೋನಸ್ ಹೋಯಿತು. ಗಿರಾಕಿ ಕೇಳದ ಸಾಮಾನನ್ನು ನಿಮ್ಮ ದುಡ್ಡಿನಿಂದ ತಂದು ಅಲಮಾರಿಯಲ್ಲಿ ಇಡುವುದು ಮಾರಾಟವಲ್ಲ. ಅದರಲ್ಲಿ ಗಿರಾಕಿ ನೀವೇ. ಈ ಕೆಲಸದಲ್ಲಿ ಮನೆಗಳು ಮುಳುಗುವುದು ಹೆಚ್ಚಾಗಿ ಹೀಗೆಯೇ, ಮೆಲ್ಲಗೆ, ತಿಂಗಳಿಗಿಷ್ಟರಂತೆ. ಬಂಗಾರ ಅಡವಿಟ್ಟು ಸ್ಟಾಕ್ ತೆಗೆದವರನ್ನು ಕಂಡಿದ್ದೇನೆ. ನಾನು ಹೊಸಬರಿಗೆ ಹಾಕಿಕೊಡುವ ಗೆರೆ ಒಂದೇ: ಕೈಯಲ್ಲಿ ಆರ್ಡರ್ ಇದ್ದಷ್ಟು ತನ್ನಿ, ಹೆಚ್ಚೆಂದರೆ ಎರಡು ಬಾಟಲಿ ಜಾಸ್ತಿ. ಮೆಟ್ಟಿಲು ಹೋದರೆ ಹೋಗಲಿ.

ತಿಂಗಳಿಗೊಮ್ಮೆ ನಿಜವಾದ ಲೆಕ್ಕ ಬರೆಯಿರಿ. ಉದಾಹರಣೆಗೆ ಇಪ್ಪತ್ತೈದು ಮನೆ, ಮನೆಗೆ 600 ರೂಪಾಯಿಯಂತೆ 15,000 ರೂಪಾಯಿಯ ಮಾರಾಟ. ನೂರಕ್ಕೆ ಇಪ್ಪತ್ತರಂತೆ 3,000 ರೂಪಾಯಿ ಸಿಕ್ಕಿತು ಎನ್ನಿ. ಪೆಟ್ರೋಲ್ 600, ರೀಚಾರ್ಜ್ 300, ಸ್ಯಾಂಪಲ್ 400 ಹೋದರೆ ಉಳಿಯುವುದು 1,700. ಅದಕ್ಕೆ ನಲವತ್ತು ತಾಸು ದುಡಿದಿದ್ದರೆ ತಾಸಿಗೆ 42 ರೂಪಾಯಿ ಚಿಲ್ಲರೆ. ನಲವತ್ತು ಮನೆಗೆ ಹೋದಾಗ ಮಾರಾಟ 24,000, ಸಿಗುವುದು 4,800. ಹಳೆ ಗಿರಾಕಿಗಳು ಫೋನಿನಲ್ಲೇ ಆರ್ಡರ್ ಹೇಳುವುದರಿಂದ ಖರ್ಚು 1,500ಕ್ಕೆ ನಿಂತರೂ 3,300 ಉಳಿಯುತ್ತದೆ. ಲಕ್ಷಾಧಿಪತಿ ಆಗುವ ಮೊತ್ತವಲ್ಲ, ಮಕ್ಕಳ ಟ್ಯೂಷನ್ ಫೀಸಿಗೆ, ಸಿಲಿಂಡರಿಗೆ ಆಗುವ ಮೊತ್ತ. ಅಷ್ಟನ್ನೇ ಗುರಿ ಮಾಡಿಕೊಂಡವರು ಉಳಿದುಕೊಂಡಿದ್ದನ್ನು ನೋಡಿದ್ದೇನೆ. ಕಂಪನಿಗೆ ಪ್ಯಾನ್ ಸಂಖ್ಯೆ ಕೊಟ್ಟಿರಿ, ಇಲ್ಲದಿದ್ದರೆ ಕಮಿಷನ್ನಿನಲ್ಲಿ ತೆರಿಗೆಗೆಂದು ಹಿಡಿದುಕೊಳ್ಳುವುದು ಜಾಸ್ತಿಯಾಗುತ್ತದೆ.

ಡೌನ್‌ಲೈನ್ ಸೇರಿಸುವ ದಿನ ಬಂದಾಗ

ಗಿರಾಕಿಗಳಲ್ಲೇ ಒಬ್ಬರು "ನಾನೂ ಮಾರಬಹುದೇನ್ರಿ?" ಎಂದು ತಾವಾಗಿ ಕೇಳುವ ದಿನ ಬರುತ್ತದೆ. ಪ್ಲ್ಯಾನ್ ತೋರಿಸಬೇಕಾದದ್ದು ಅವರಿಗೇ. ಯಾರ ಕೆಳಗೆ ಯಾರು ಎಂದು ಬೋರ್ಡಿನ ಮೇಲೆ ವೃತ್ತ ಬರೆಯುವ ಮೊದಲು ನಿಮ್ಮ ವಹಿಯನ್ನು ಅವರ ಮುಂದಿಡಿ: ಮಾರಾಟ ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು, ಇಷ್ಟು ತಾಸಿನ ಕೆಲಸ. ಇದನ್ನು ನೋಡಿದ ಮೇಲೂ ಮಾರುತ್ತೇನೆ ಎಂದವರು ನಿಲ್ಲುತ್ತಾರೆ.

ವೃತ್ತದ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುವವರು ಕಡಿಮೆ. ಒಬ್ಬರು ಆರು ಜನರನ್ನು, ಆ ಆರು ಜನ ತಲಾ ಆರು ಜನರನ್ನು ಸೇರಿಸುತ್ತ ಹೋದರೆ ಎಂಟನೇ ಮೆಟ್ಟಿಲಿನಲ್ಲೇ ಸುಮಾರು 16.8 ಲಕ್ಷ ಜನ ಬೇಕು, ಒಂಬತ್ತನೆಯದಕ್ಕೆ ಒಂದು ಕೋಟಿ ದಾಟುತ್ತದೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ, ಎಳೆಗೂಸುಗಳನ್ನೂ ಹಿಡಿದು, 25 ಲಕ್ಷದ ಆಸುಪಾಸು. ಕೊನೆಯಲ್ಲಿ ಸೇರಿದವರಿಗೆ ಸೇರಿಸಲು ಜನರೇ ಇರುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 70 ಕಂಪನಿಗಳ ಆದಾಯದ ಹೇಳಿಕೆಗಳನ್ನು ತೆಗೆದು ನೋಡಿದಾಗಲೂ ಸೇರಿದವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಎಂದು ಕಂಡುಬಂತು. ಈ ಲೆಕ್ಕ ಗೊತ್ತಿದ್ದೂ ಯಾರಿಗಾದರೂ "ಆರು ತಿಂಗಳಲ್ಲಿ ಕಾರು" ಎಂದು ಹೇಳುವುದು ತಿಳಿದು ಮಾಡುವ ಮೋಸ.

ಸೇರಿಸಿಕೊಂಡವರನ್ನು ಮೀಟಿಂಗಿಗೆ ಅಟ್ಟುವ ಬದಲು ಐದಾರು ಮನೆಗೆ ನಿಮ್ಮ ಜೊತೆ ಕರೆದುಕೊಂಡು ಹೋಗಿ. ಮೊದಲು ನೀವು ಮಾತಾಡಿ ಅವರು ಕೇಳಲಿ, ಆಮೇಲೆ ಅವರು ಮಾತಾಡಿ ನೀವು ಕೇಳಿ. ಹೊರಬಂದ ಮೇಲೆ ಎಲ್ಲಿ ಮಾತು ಜಾಸ್ತಿಯಾಯಿತು ಎಂದು ಹೇಳಿ. ಅವರಿಗೆ ಹತ್ತು ಗಿರಾಕಿ ಆಗುವವರೆಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಡಿ.

ತೊಂದರೆ ಬಂದರೆ, ಬಿಡಬೇಕಾದರೆ

ಕಂಪನಿ ಕಮಿಷನ್ ತಡೆದರೆ, ಸಾಮಾನು ವಾಪಸ್ ತೆಗೆದುಕೊಳ್ಳದಿದ್ದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ಕಳಿಸಿ. ಅಂಥ ಅಧಿಕಾರಿಯನ್ನು ಇಡುವುದು ಕಂಪನಿಗೆ ಕಡ್ಡಾಯ. ಗಿರಾಕಿಯ ದೂರಾದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಬಿಲ್ಲುಗಳು, ಕರಾರು ಪತ್ರ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿರಿ.

ಆರು ತಿಂಗಳು ಹೀಗೆ ಮಾಡಿಯೂ ಮರಳಿ ಕೊಳ್ಳುವ ಮನೆ ಹತ್ತು ದಾಟದಿದ್ದರೆ ಈ ಸಾಮಾನು ನಿಮ್ಮ ಓಣಿಗೆ ಹೊಂದಿಲ್ಲ. ನಿಲ್ಲಿಸಿ. ಉಳಿದ ಸ್ಟಾಕ್ ವಾಪಸ್ ಕೊಡಿ, ದುಡ್ಡು ತೆಗೆದುಕೊಂಡ ಆರ್ಡರ್‌ಗಳನ್ನು ಮುಟ್ಟಿಸಿ. ಕೊಳ್ಳುತ್ತಿದ್ದ ಆ ಹತ್ತು ಮನೆಗಳಿಗೆ ಫೋನ್ ಮಾಡಿ ನಿಲ್ಲಿಸುತ್ತಿರುವುದನ್ನು ಹೇಳಿ, ಅದೇ ಸಾಮಾನು ಮಾರುವ ಇನ್ನೊಬ್ಬರ ನಂಬರನ್ನು, ಆ ಮಾರುವವರನ್ನು ಕೇಳಿಯೇ, ಕೊಡಿ.